ಮಲೆನಾಡಿನ ಕಟ್ಟಿಗೆ: ಒಣಗಿಸುವುದು, ಒಟ್ಟುವುದು, ಕಾಪಾಡುವುದು

ಉರುವಲಿಗೆಂದು ಕಡಿದ ಮರವನ್ನು ತುಂಡು ಮಾಡಿ, ಸೀಳಿ, ಒಣಗಿಸಿ, ಒಲೆಗೆ ಇಡುವ ದಿನದವರೆಗೆ ಮಳೆ, ಗೆದ್ದಲು, ಬೂಷ್ಟಿನಿಂದ ಉಳಿಸಿಕೊಳ್ಳುವುದು ಮಲೆನಾಡಿನ ಮನೆಗಳಲ್ಲಿ ಬೇಸಿಗೆಯ ದೊಡ್ಡ ಕೆಲಸಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲನ್ನು ನಂಬುವಂತಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅದರ ಬಹುಪಾಲು ಸುರಿಯುವುದು ಈ ನಾಲ್ಕು ತಿಂಗಳಲ್ಲೇ. ಆ ಅವಧಿಯ ಅಡುಗೆ, ಬಚ್ಚಲ ಹಂಡೆಯ ನೀರು, ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾಗುವ ಅಡಿಕೆ ಬೇಯಿಸುವ ಒಲೆ, ಎಲ್ಲಕ್ಕೂ ಬೇಕಾದ ಕಟ್ಟಿಗೆ ಮೇ ತಿಂಗಳು ಮುಗಿಯುವುದರೊಳಗೆ ಒಣಗಿ ಮಾಡಿನಡಿ ಸೇರಿರಬೇಕು.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅಡುಗೆ ಅನಿಲದ ಸಿಲಿಂಡರ್ ತೀರ ಒಳಗಿನ ಹಳ್ಳಿಗಳಿಗೂ ತಲುಪಿತು. ಆದರೂ ಬಚ್ಚಲೊಲೆ ಆರಲಿಲ್ಲ. ಸೋಲಾರ್ ಹೀಟರ್ ಮಳೆಗಾಲದಲ್ಲಿ ಕೈಕೊಡುತ್ತದೆ. ಮನೆಮಂದಿಯ ಸ್ನಾನಕ್ಕೆಲ್ಲ ಗ್ಯಾಸ್ ಉರಿಸುವುದು ದುಬಾರಿ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯಿಂದ ಹೊರಬಿದ್ದ ಕಟ್ಟಿಗೆ ಬಚ್ಚಲುಮನೆಯಲ್ಲಿ ಇಂದಿಗೂ ಉರಿಯುತ್ತಿದೆ.

ದಾಸ್ತಾನಿನ ಮೊದಲ ಪ್ರಶ್ನೆ ನೀರಿನದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದು ಸಾಮಾನ್ಯ. ಇಂಥ 100 ಕಿಲೋ ಹಸಿ ಕಟ್ಟಿಗೆಯಲ್ಲಿ ಮರದ ಅಂಶ 50 ಕಿಲೋ ಮಾತ್ರ. ಅದು ಚೆನ್ನಾಗಿ ಒಣಗಿ ನೀರಿನಂಶ ಶೇ. 20ಕ್ಕೆ ಇಳಿದಾಗ ಒಟ್ಟು ತೂಕ ಸುಮಾರು 62 ಕಿಲೋ ಆಗುತ್ತದೆ. ಡಿಪೋದಲ್ಲಿ ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಳ್ಳುವವರು ಉಳಿದ 38 ಕಿಲೋ ನೀರಿಗೂ ದುಡ್ಡು ಕೊಟ್ಟಿರುತ್ತಾರೆ, ಲಾರಿ ಬಾಡಿಗೆಯನ್ನೂ ತೆತ್ತಿರುತ್ತಾರೆ. ಅಳತೆಯ ಲೆಕ್ಕದಲ್ಲಿ ಕೊಂಡರೆ ಈ ನಷ್ಟ ತಪ್ಪುತ್ತದೆ. ಆದರೆ ಅಲ್ಲೂ ಒಂದು ಎಚ್ಚರ ಬೇಕು. ಒಂದು ಘನ ಮೀಟರ್ ಒಟ್ಟಿದ ರಾಶಿಯಲ್ಲಿ ಗಟ್ಟಿ ಮರ ಇರುವುದು ಸುಮಾರು 0.6ರಿಂದ 0.7 ಘನ ಮೀಟರ್, ಮಿಕ್ಕಿದ್ದು ಸಂದುಗಳ ಗಾಳಿ. ಡೊಂಕು ತುಂಡುಗಳಿದ್ದಷ್ಟೂ ಆ ಗಾಳಿಯ ಪಾಲು ಹೆಚ್ಚು.

ಹಸಿ ಕಟ್ಟಿಗೆ ಉರಿಸಿದಾಗ ಒಲೆಯ ಶಾಖ ಮೊದಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಒಂದು ಕಿಲೋ ನೀರು ಕುದಿದು ಆವಿಯಾಗಿ ಹೋಗಲು ಸುಮಾರು 2.6 ಮೆಗಾಜೂಲ್ ಬೇಕು. ಶೇ. 20 ನೀರಿನಂಶದ ಒಂದು ಕಿಲೋ ಕಟ್ಟಿಗೆ ಸುಮಾರು 14 ಮೆಗಾಜೂಲ್ ಶಾಖ ಕೊಟ್ಟರೆ, ಅರ್ಧಕ್ಕರ್ಧ ನೀರಿರುವ ಒಂದು ಕಿಲೋ ಕಟ್ಟಿಗೆಯಿಂದ 8 ಮೆಗಾಜೂಲ್ ಸಿಕ್ಕರೆ ಹೆಚ್ಚು. ಶಾಖದ ನಷ್ಟಕ್ಕಿಂತ ದೊಡ್ಡ ತೊಂದರೆ ಹೊಗೆಯದು. ಉರಿ ತಣ್ಣಗಿದ್ದಾಗ ಮರದಿಂದ ಹೊರಡುವ ಅನಿಲಗಳು ಪೂರ್ತಿ ಸುಡದೆ ಹೊಗೆಯಾಗಿ ಅಡುಗೆಮನೆ ತುಂಬುತ್ತವೆ, ಊದುಕೊಳವೆ ಹಿಡಿದು ಕೂತ ಹೆಂಗಸರ ಕಣ್ಣು, ಶ್ವಾಸಕೋಶ ಸೇರುತ್ತವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವು ಸಂಭವಿಸಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಟ್ಟಿಗೆ ಒಣಗಿಸುವುದು ಉಳಿತಾಯದ ಮಾತು ಮಾತ್ರವಲ್ಲ, ಒಲೆಯ ಮುಂದೆ ಕೂರುವವರ ಆರೋಗ್ಯದ ಮಾತೂ ಹೌದು.

ಕಟ್ಟಿಗೆ ಮನೆ ಹೇಗಿರಬೇಕು ಎನ್ನುವವರು ಸಾಮಾನ್ಯವಾಗಿ ಮಾಡಿನ ಬಗ್ಗೆಯೇ ಯೋಚಿಸುತ್ತಾರೆ. ಮಾಡು ಒಣಗಿದ ಕಟ್ಟಿಗೆಯನ್ನು ಕಾಯುತ್ತದೆ, ಹಸಿ ಕಟ್ಟಿಗೆಯನ್ನು ಒಣಗಿಸುವುದಿಲ್ಲ. ಒಣಗಿಸುವುದು ಗಾಳಿ. ಮರ ಸುತ್ತಲಿನ ಗಾಳಿಯೊಂದಿಗೆ ಸದಾ ತೇವದ ಕೊಡು-ಕೊಳ್ಳು ನಡೆಸುತ್ತಿರುತ್ತದೆ. ಗಾಳಿಯ ಆರ್ದ್ರತೆ ಶೇ. 65ರ ಆಸುಪಾಸಿನಲ್ಲಿದ್ದರೆ ಕಟ್ಟಿಗೆಯ ತೇವ ಒಣ ಮರದ ತೂಕದ ಶೇ. 12ರವರೆಗೂ ಇಳಿಯಬಲ್ಲದು. ಆರ್ದ್ರತೆ ಶೇ. 90 ಇದ್ದರೆ ಸುಮಾರು 20ಕ್ಕೇ ನಿಂತುಬಿಡುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳ ಒಣಗಾಳಿ ಮಾಡುವ ಕೆಲಸವನ್ನು ಜುಲೈಯಲ್ಲಿ ಯಾವ ಕೊಟ್ಟಿಗೆಯೂ ಮಾಡಲಾರದು. ಮೇ ಕೊನೆಯಲ್ಲಿ ಕಡಿದು ಅವಸರದಲ್ಲಿ ಒಳಗೆ ತುಂಬಿದ ಹಸಿ ಕಟ್ಟಿಗೆ ಶ್ರಾವಣದ ಹೊತ್ತಿಗೆ ಬಿಳಿ ಬೂಷ್ಟು ಹಿಡಿಯುವುದು ಇದೇ ಕಾರಣಕ್ಕೆ. ಆ ಬೂಷ್ಟಿನ ಧೂಳು ಉಬ್ಬಸ ಇರುವವರಿಗೆ ಆಗಿಬರುವುದಿಲ್ಲ.

ತೇವದ ಲೆಕ್ಕದಲ್ಲಿ ಎರಡು ಪದ್ಧತಿಗಳಿವೆ. ಒಟ್ಟು ತೂಕದಲ್ಲಿ ನೀರಿನ ಪಾಲೆಷ್ಟು ಎಂದು ನೋಡುವುದು ಒಂದು, ಒಣ ಮರದ ತೂಕಕ್ಕೆ ಹೋಲಿಸಿ ನೀರೆಷ್ಟು ಎಂದು ನೋಡುವುದು ಇನ್ನೊಂದು. ಮೊದಲ ಲೆಕ್ಕದ ಶೇ. 50 ಎರಡನೆಯ ಲೆಕ್ಕದಲ್ಲಿ ಶೇ. 100 ಆಗುತ್ತದೆ. ಅಂಗಡಿಯಲ್ಲಿ ಸಿಗುವ ಎರಡು ಮುಳ್ಳಿನ ತೇವಮಾಪಕಗಳು ಸಾಮಾನ್ಯವಾಗಿ ತೋರಿಸುವುದು ಎರಡನೆಯದನ್ನು. ಅದನ್ನು ತುಂಡಿನ ಹೊರಮೈಗೆ ಚುಚ್ಚಿ ಪ್ರಯೋಜನವಿಲ್ಲ, ಹೊರಗೆ ಒಣಗಿದ್ದರೂ ಒಳಗೆ ಹಸಿ ಇರಬಹುದು. ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಬೇಕು. ಮಾಪಕ ಇಲ್ಲದವರಿಗೆ ಕಣ್ಣು, ಕಿವಿ ಸಾಕು. ಒಣಗಿದ ತುಂಡಿನ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕುಗಳು ಓಡಿರುತ್ತವೆ, ತೊಗಟೆ ಸಡಿಲವಾಗಿರುತ್ತದೆ, ಎರಡು ತುಂಡು ತಾಗಿಸಿದರೆ ಠಣ್ ಎನ್ನುತ್ತದೆ. ಹಸಿಯದು ದಬ್ ಎಂದು ಸುಮ್ಮನಾಗುತ್ತದೆ. ಇನ್ನೂ ಖಚಿತವಾಗಬೇಕೆಂದರೆ ಒಂದು ತುಂಡಿಗೆ ಗುರುತು ಮಾಡಿ ವಾರಕ್ಕೊಮ್ಮೆ ತಕ್ಕಡಿಗೆ ಹಾಕಬೇಕು. ತೂಕ ಇಳಿಯುವುದು ನಿಂತಿತೆಂದರೆ ಆ ಹವೆಯಲ್ಲಿ ಒಣಗಬಹುದಾದಷ್ಟು ಒಣಗಿದೆ ಎಂದರ್ಥ.

ಸೀಳುವುದಕ್ಕೆ ಮಲೆನಾಡಿನವರು ಕೊಡುವ ಮಹತ್ವಕ್ಕೆ ಗಟ್ಟಿ ಕಾರಣವಿದೆ. ಮರದೊಳಗಿನ ನೀರು ನಾರಿನ ಗುಂಟ ಹರಿದು ತುದಿಗಳಿಂದ ಬೇಗ ಹೊರಬೀಳುತ್ತದೆ, ಅಡ್ಡಡ್ಡ ಬಲು ನಿಧಾನವಾಗಿ ಬರುತ್ತದೆ. ತೊಗಟೆ ಇದ್ದರಂತೂ ಅಡ್ಡದ ದಾರಿ ಬಹುಪಾಲು ಮುಚ್ಚಿದಂತೆಯೇ. ಉದ್ದದ ಇಡೀ ದಿಮ್ಮಿ ಎರಡು ಬೇಸಿಗೆ ಕಳೆದರೂ ಒಳಗೆ ಹಸಿಯಾಗಿಯೇ ಇರಬಹುದು, ಅದನ್ನೇ ಒಂದೂವರೆ ಅಡಿಗೆ ಕೊಯ್ದು ನಾಲ್ಕು ಸೀಳು ಮಾಡಿದರೆ ಒಂದೇ ಬೇಸಿಗೆ ಸಾಕಾಗುತ್ತದೆ. ಗಾಳಿ ಮರವನ್ನು ಹಸಿಯಿರುವಾಗಲೇ ಸೀಳುವುದು ಸಲೀಸು. ಹುಣಸೆಯ ಗಂಟುಗಳಿಗೆ ಕೊಡಲಿ ಸಾಲದು, ಬೆಣೆ ಹೊಡೆಯಬೇಕು. ಹೊಲಗೇರಿನಂಥ ಮರಗಳ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಗುರುತು ಬಲ್ಲವರು ಅದರ ತಂಟೆಗೇ ಹೋಗುವುದಿಲ್ಲ.

ಒಳ್ಳೆಯ ಕಟ್ಟಿಗೆ ಕೊಟ್ಟಿಗೆಯೊಂದನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಅಲ್ಲಿ ಕಾಣುತ್ತದೆ. ನೆಲದಲ್ಲಿ ಜಂಬಿಟ್ಟಿಗೆಯ ಸಾಲು, ಅದರ ಮೇಲೆ ಹಳೆಯ ಅಡಿಕೆ ಮರದ ಎರಡೆರಡು ಉದ್ದನೆಯ ತುಂಡುಗಳು, ಅದರ ಮೇಲೆ ಕಟ್ಟಿಗೆ. ನೆಲಕ್ಕೂ ಮೊದಲ ಸಾಲಿಗೂ ನಡುವೆ ಅರ್ಧ ಅಡಿ ತೆರಪು, ಹಿಂದಿನ ಗೋಡೆಗೂ ರಾಶಿಗೂ ಕೈ ತೂರುವಷ್ಟು ಸಂದು. ಮುಂಗಾರಿನ ಗಾಳಿಮಳೆ ನೈಋತ್ಯದಿಂದ ಬಡಿಯುವುದರಿಂದ ಪಶ್ಚಿಮದ ಕಡೆ ಸೋಗೆಯ ತಟ್ಟಿ ಕಟ್ಟಿ, ಪೂರ್ವವನ್ನು ತೆರೆದೇ ಬಿಟ್ಟಿರುತ್ತಾರೆ. ರಾಶಿಯ ಎರಡು ತುದಿಗಳಲ್ಲಿ ತುಂಡುಗಳನ್ನು ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಪೇರಿಸಿ ಕಂಬದ ಹಾಗೆ ಎಬ್ಬಿಸಿರುತ್ತಾರೆ, ನಡುವಿನ ರಾಶಿಗೆ ಅದೇ ಆನಿಕೆ. ಕೊಟ್ಟಿಗೆಯನ್ನು ಎರಡು ಅಂಕಣ ಮಾಡಿಕೊಂಡವರು ಹಳೆಯ ಕಟ್ಟಿಗೆ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ ಇಡುತ್ತಾರೆ. ಹಾಗೆ ಮಾಡದಿದ್ದರೆ ಹೊಸತು ಮುಂದೆ ಬಂದು, ಹೋದ ವರ್ಷದ್ದು ಹಿಂದೆಯೇ ಉಳಿದು ಗೆದ್ದಲಿನ ಪಾಲಾಗುತ್ತದೆ.

ಬಯಲಲ್ಲಿ ಒಟ್ಟುವವರು ಗಮನಿಸಬೇಕಾದದ್ದು ಇನ್ನೂ ಒಂದಿದೆ. ಬಿಸಿಲು ಬೀಳುವ ಕಡೆಯ ತುದಿಗಳು ಬೇಗ ಒಣಗಿ ಕುಗ್ಗುವುದರಿಂದ ನೆಟ್ಟಗೆ ಕಟ್ಟಿದ ರಾಶಿಯೂ ತಿಂಗಳೆರಡರಲ್ಲಿ ಆ ಕಡೆಗೆ ವಾಲುತ್ತದೆ. ಎದೆಯೆತ್ತರಕ್ಕಿಂತ ಮೇಲೆ ಒಟ್ಟಿದರೆ ಬಲವಾದ ಗೂಟ ಕೊಡಲೇಬೇಕು, ಮಕ್ಕಳು ಆಡುವ ಅಂಗಳದಲ್ಲಂತೂ ಎತ್ತರದ ಒಟ್ಟಿಲು ಬೇಡ. ಟಾರ್ಪಾಲು ಹೊದಿಸುವುದಾದರೆ ನೆತ್ತಿಗೆ ಮಾತ್ರ ಸಾಕು. ಸುತ್ತಲೂ ಸುತ್ತಿ ಬಿಗಿದರೆ ಒಳಗಿನ ತೇವ ಆವಿಯಾಗಿ ಟಾರ್ಪಾಲಿಗೆ ತಾಗಿ ಮತ್ತೆ ಕಟ್ಟಿಗೆಯ ಮೇಲೆಯೇ ತೊಟ್ಟಿಕ್ಕುತ್ತದೆ.

ಯಾವ ಮರವನ್ನು ಎಷ್ಟು ದಿನ ಇಡಬಹುದು ಎಂಬುದೂ ದಾಸ್ತಾನಿನ ಆಯ್ಕೆಯ ಭಾಗ. ಜಾಲಿ, ಹುಣಸೆ, ಗಾಳಿ, ಮತ್ತಿ ಗಟ್ಟಿ ಜಾತಿಯವು, ಒಣಗಲು ಸಮಯ ಹಿಡಿದರೂ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕರಾವಳಿಯ ಗುಡ್ಡಗಳಲ್ಲಿ ನೆಟ್ಟು ಬೆಳೆಸಿದ ಅಕೇಶಿಯಾ ಈಗ ಬಹಳ ಮನೆಗಳ ಉರುವಲು. ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚು, ಕಡಿದ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿದು, ಹುಳ ಕೊರೆದು ಹಿಟ್ಟು ಉದುರತೊಡಗುತ್ತದೆ. ಹಾಗಾಗಿ ಅದನ್ನು ತಕ್ಷಣ ಸೀಳಿ ಅದೇ ವರ್ಷ ಉರಿಸಿ ಮುಗಿಸುವುದು ಲೇಸು. ಬಿದಿರಿಗೂ ಅದೇ ಗತಿ. ಅದನ್ನು ಸೀಳದೆ ಒಲೆಗಿಟ್ಟರೆ ಗಿಣ್ಣುಗಳ ನಡುವೆ ಸಿಕ್ಕಿಬಿದ್ದ ಗಾಳಿ ಕಾದು ಪಟಾರನೆ ಸಿಡಿಯುತ್ತದೆ. ತೆಂಗಿನ ಕರಟ, ಮಡಲು, ಅಡಿಕೆ ಸಿಪ್ಪೆ ಬೇಗ ಒಣಗುತ್ತವೆ, ಬೇಗ ತೇವವನ್ನೂ ಹೀರುತ್ತವೆ. ಇವುಗಳ ಜಾಗ ಅಟ್ಟ.

ಬಯಲುಸೀಮೆಯ ಲೆಕ್ಕವೇ ಬೇರೆ. ಕಲಬುರಗಿ ಕಡೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಮುಖ್ಯ ಉರುವಲು. ಮಳೆ ಕಡಿಮೆ, ಬಿಸಿಲು ಧಾರಾಳ, ಅಂಗಳದಲ್ಲೇ ಒಟ್ಟಿದರೂ ನಡೆಯುತ್ತದೆ. ಅಲ್ಲಿನ ಚಿಂತೆ ತೇವಕ್ಕಿಂತ ಹೆಚ್ಚಾಗಿ ಗೆದ್ದಲಿನದು, ಕಿಡಿಯದು. ಸಣ್ಣ ಕಡ್ಡಿಗಳ ದೊಡ್ಡ ರಾಶಿಗೆ ಬೆಂಕಿ ತಾಗಿದರೆ ನಂದಿಸುವುದು ಕಷ್ಟ. ಹಾಗಾಗಿ ಮನೆಯ ಗೋಡೆಯಿಂದಲೂ ದನದ ಕೊಟ್ಟಿಗೆಯಿಂದಲೂ ಅದನ್ನು ದೂರ ಇಡಬೇಕು.

ಗೆದ್ದಲು ಓಡಿಸಲು ಕೆಲವರು ಬಳಸಿದ ಎಂಜಿನ್ ಆಯಿಲ್ ಬಳಿಯುತ್ತಾರೆ, ಕೀಟನಾಶಕ ಸಿಂಪಡಿಸುತ್ತಾರೆ. ಒಲೆಗೆ ಹೋಗುವ ಕಟ್ಟಿಗೆಗೆ ಇದು ಖಂಡಿತ ಕೂಡದು, ವಿಷವೆಲ್ಲ ಹೊಗೆಯಾಗಿ ಮನೆಯೊಳಗೇ ಬರುತ್ತದೆ. ಬಣ್ಣ ಬಳಿದ ಕಿಟಕಿ ಚೌಕಟ್ಟು, ಪ್ಲೈವುಡ್ ಚೂರು, ರಾಸಾಯನಿಕದಲ್ಲಿ ಅದ್ದಿದ ಕಂಬ, ಹಳೆಯ ರೈಲ್ವೆ ಸ್ಲೀಪರ್, ಇವನ್ನು ಉರುವಲಿನ ರಾಶಿಗೆ ಸೇರಿಸಲೇಬಾರದು. ಕನಗಿಲೆಯ ಕಡ್ಡಿಯೂ ಬೇಡ. ಗೆದ್ದಲಿಗೆ ಅತಿ ಭದ್ರವಾದ ತಡೆ ಎಂದರೆ ಕಟ್ಟಿಗೆ ನೆಲ ಮುಟ್ಟದಂತೆ ಎತ್ತಿ ಹಿಡಿಯುವ ಕಲ್ಲಿನ ಅಡಿಪಾಯ ಮತ್ತು ಆಗಾಗ ಬಗ್ಗಿ ನೋಡುವ ಕಣ್ಣು. ಕಲ್ಲಿನ ಮೈಮೇಲೆ ಮಣ್ಣಿನ ಗೆರೆ ಏರಿದ್ದು ಕಂಡ ಕೂಡಲೇ ಕೆರೆದು ಹಾಕಿದರೆ ಕೆಲಸ ಮುಗಿಯಿತು.

ಕಟ್ಟಿಗೆ ರಾಶಿಯ ಸಂದುಗಳು ಇಲಿ, ಕಪ್ಪೆ, ಚೇಳುಗಳಿಗೆ ಒಳ್ಳೆಯ ಆಸರೆ. ಇಲಿ ಕಪ್ಪೆಗಳ ಹಿಂದೆ ನಾಗರ, ಕಟ್ಟುಹಾವು, ಕೊಳಕುಮಂಡಲ ಬರುತ್ತವೆ. ಇಡೀ ವರ್ಷದ ದಾಸ್ತಾನನ್ನು ಅಡುಗೆಮನೆಯ ಹಿಂಬಾಗಿಲಿಗೆ ಒರಗಿಸಿ ಇಡುವುದು ಕೈಗೆ ಹತ್ತಿರವೆನಿಸಿದರೂ ಅಪಾಯದ ಆಯ್ಕೆ. ದೊಡ್ಡ ರಾಶಿ ಮನೆಯಿಂದ ಕೆಲವು ಮಾರು ದೂರದಲ್ಲಿರಲಿ, ಎರಡು ಮೂರು ದಿನದ ಕಟ್ಟಿಗೆ ಮಾತ್ರ ಒಳಗೆ ಬರಲಿ. ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗುವುದಾದರೆ ಟಾರ್ಚ್, ಕಾಲಿಗೆ ಬೂಟು ಇರಬೇಕು. ತುಂಡುಗಳನ್ನು ಮೇಲಿನಿಂದ ಒಂದೊಂದಾಗಿ ತೆಗೆಯಬೇಕು, ನಡುವಿನ ಸಂದಿಗೆ ಕೈ ತೂರಿಸಿ ಎಳೆಯಬಾರದು.

ಕಾಡಿನಿಂದ ಜಿಗ್ಗು, ದರಕು ತರುವವರಿಗೆ ಇನ್ನೊಂದು ಕಂಟಕವಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಮರಿ ಉಣುಗುಗಳು ಹೆಚ್ಚಾಗಿ ಓಡಾಡುವುದು ಡಿಸೆಂಬರ್‌ನಿಂದ ಮೇವರೆಗೆ. ಜನ ಕಟ್ಟಿಗೆಗೆಂದು ಕಾಡಿಗೆ ಹೋಗುವುದೂ ಆ ತಿಂಗಳುಗಳಲ್ಲೇ. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಹಚ್ಚಿಕೊಳ್ಳಬೇಕು, ಮಂಗ ಸತ್ತ ಜಾಗದ ಕಡೆ ಸುಳಿಯಬಾರದು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು ಎಂದು ಆರೋಗ್ಯ ಇಲಾಖೆ ಹೇಳುತ್ತ ಬಂದಿದೆ. ತಂದ ಹೊರೆಯನ್ನು ನೇರ ಮನೆಯೊಳಗೆ ಇಳಿಸದೆ ಹೊರಗೆ ಬಿಸಿಲಿಗೆ ಹರಡುವುದು ಒಳ್ಳೆಯದು.

ಎಷ್ಟು ಕಟ್ಟಿಗೆ ಕೂಡಿಡಬೇಕು ಎಂಬುದನ್ನು ಕೊನೆಗೆ ನಿರ್ಧರಿಸುವುದು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಹಳ್ಳಿಯ ಇಂಧನ ಬಳಕೆಯನ್ನು ಅಧ್ಯಯನ ಮಾಡಿತು. ಆ ಕೇಂದ್ರ ರೂಪಿಸಿದ, ಜಾಲರಿ ಮತ್ತು ಹೊಗೆ ಕೊಳವೆ ಇರುವ ಮೂರು ಪಾತ್ರೆಯ ಅಸ್ತ್ರ ಒಲೆ ರಾಜ್ಯದ ಬಹಳ ಮನೆಗಳನ್ನು ತಲುಪಿತು. ಮೂರು ಕಲ್ಲಿನ ಒಲೆಗೆ ಉದ್ದನೆಯ ಕೊಳ್ಳಿಯನ್ನು ನೂಕುತ್ತ ಹೋಗಬಹುದು. ಮುಚ್ಚಿದ ಉರಿಗೂಡಿನ ಅಸ್ತ್ರ ಒಲೆಗೆ ಹಾಗಾಗದು, ಮೊದಲೇ ಚಿಕ್ಕದಾಗಿ ಸೀಳಿ ಒಣಗಿಸಿದ ತುಂಡುಗಳು ಬೇಕು. ಇಂಥ ಒಲೆ ಇರುವ ಮನೆ ಬೇಸಿಗೆಯಲ್ಲಿ ಕೊಡಲಿಯ ಕೆಲಸ ಹೆಚ್ಚು ಮಾಡಬೇಕು, ಮಳೆಗಾಲದಲ್ಲಿ ಕಡಿಮೆ ಕಟ್ಟಿಗೆ ಸುಡುತ್ತದೆ. ಬಚ್ಚಲೊಲೆಗೆ ಎರಡು ಮೂರಡಿಯ ಕುಂಟೆಗಳೇ ಸರಿ, ಅವು ನಿಧಾನವಾಗಿ ಉರಿದರೂ ನಡೆಯುತ್ತದೆ. ಈ ಎರಡನ್ನೂ ಒಂದೇ ರಾಶಿಯಲ್ಲಿ ಬೆರೆಸದೆ ಬೇರೆ ಬೇರೆ ಒಟ್ಟಿದರೆ ಮಳೆಯಲ್ಲಿ ನಿಂತು ಹುಡುಕುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ಆಗಸ್ಟ್‌ನಲ್ಲಿ ಒಣ ಕಟ್ಟಿಗೆ ಮುಗಿದು ಅರೆಹಸಿಯದು ಉಳಿದರೆ ಬಚ್ಚಲೊಲೆಯ ಮೇಲಿನ ಅಟ್ಟವೇ ಗತಿ. ನಾಳೆ, ನಾಡಿದ್ದಿಗೆ ಬೇಕಾದಷ್ಟನ್ನು ಮಾತ್ರ ಅಲ್ಲಿ ತೆಳ್ಳಗೆ ಹರಡಿ, ಉರಿಯ ನಾಲಗೆ ತಾಗದಷ್ಟು ಎತ್ತರದಲ್ಲಿಟ್ಟು ದಿನವೂ ತಿರುವಿ ಹಾಕುತ್ತಾರೆ. ಅಟ್ಟದ ಗಳುಗಳಿಗೆ ಹಿಡಿದ ಮಸಿಯನ್ನು ಆಗಾಗ ಗುಡಿಸಿ ತೆಗೆಯಬೇಕು, ಒಂದು ಕಿಡಿ ಹಾರಿದರೆ ಅದೂ ಹೊತ್ತಿಕೊಳ್ಳುತ್ತದೆ.