ಬಂದವರು, ಮರೆತವರು, ಬೇಡವಾದವು: ಒಂದು ವಾಸ್ತುಶಿಲ್ಪ ಸಂಗ್ರಹಾಲಯದ 2017

ಚಿತ್ರವನ್ನು ಗೋಡೆಗೆ ತೂಗುಹಾಕಬಹುದು. ನಾಣ್ಯ, ಖಡ್ಗ, ಹಸ್ತಪ್ರತಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು. ಆದರೆ ಕಟ್ಟಡವೊಂದನ್ನು ವಸ್ತುಸಂಗ್ರಹಾಲಯದೊಳಗೆ ತರುವುದು ಹೇಗೆ? ಹೆಚ್ಚೆಂದರೆ ಅದರ ನಕ್ಷೆ, ಛಾಯಾಚಿತ್ರ, ಮರ ಅಥವಾ ರಟ್ಟಿನಲ್ಲಿ ಮಾಡಿದ ಪುಟ್ಟ ಮಾದರಿಯನ್ನು ತರಬಹುದು. ಹೀಗಾಗಿ ವಾಸ್ತುಶಿಲ್ಪದ ಸಂಗ್ರಹಾಲಯ ನಡೆಸುವವರು ಮೊದಲಿಗೇ ಕೆಲವು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ಯಾವ ಕಟ್ಟಡವನ್ನು ನೆನಪಿಡಬೇಕು? ಅದನ್ನು ರೂಪಿಸಿದವರು ಯಾರು? ಅದರಲ್ಲಿ ಯಾರಿಗೆ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ? ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿರುವ ಜರ್ಮನ್ ವಾಸ್ತುಶಿಲ್ಪ ಸಂಗ್ರಹಾಲಯ 2017ರಲ್ಲಿ ತೆರೆದ ಮೂರು ಪ್ರದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರಶ್ನೆಗಳೇ ಕಾಣಿಸುತ್ತವೆ. ಒಂದು ನಿರಾಶ್ರಿತರ ಕುರಿತದ್ದು, ಇನ್ನೊಂದು ಮಹಿಳೆಯರ ಕುರಿತದ್ದು, ಮತ್ತೊಂದು ಕಾಂಕ್ರೀಟಿನ ಕಟ್ಟಡಗಳ ಕುರಿತದ್ದು. ವಿಷಯಗಳು ಬೇರೆ ಬೇರೆಯಾದರೂ ಮೂರೂ ಚರಿತ್ರೆಯ ಹೊಸ್ತಿಲಾಚೆ ನಿಲ್ಲಿಸಲ್ಪಟ್ಟವರ ಪರವಾಗಿ ಮಾತಾಡಿದವು.

ಸಂಗ್ರಹಾಲಯದ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಎರಡನೇ ಮಹಾಯುದ್ಧದಲ್ಲಿ, 1944ರ ಮಾರ್ಚ್ ತಿಂಗಳ ಬಾಂಬ್ ದಾಳಿಗಳಲ್ಲಿ ಫ್ರಾಂಕ್‌ಫರ್ಟಿನ ಹಳೆಯ ಪೇಟೆ ಸುಟ್ಟುಹೋಯಿತು. ಯುದ್ಧದ ನಂತರ ಅದು ಬ್ಯಾಂಕುಗಳ, ಗಗನಚುಂಬಿಗಳ ನಗರವಾಗಿ ಬೆಳೆಯಿತು. ದುಡ್ಡಿನ ಊರೆಂಬ ಹೆಸರು ಮಾತ್ರ ಉಳಿಯಬಾರದೆಂದು, ಎಲ್ಲರಿಗೂ ಸಂಸ್ಕೃತಿ ಎಂಬ ಧ್ಯೇಯವನ್ನು ಇಟ್ಟುಕೊಂಡಿದ್ದ ನಗರಾಡಳಿತದ ಸಂಸ್ಕೃತಿ ಮುಖ್ಯಸ್ಥ ಹಿಲ್ಮರ್ ಹಾಫ್‌ಮನ್ ಅವರು ಮೈನ್ ನದಿಯ ದಂಡೆಯಲ್ಲಿ ಸಂಗ್ರಹಾಲಯಗಳ ಸಾಲನ್ನೇ ಎಬ್ಬಿಸಿದರು. 1984ರಲ್ಲಿ ಬಾಗಿಲು ತೆರೆದ ವಾಸ್ತುಶಿಲ್ಪ ಸಂಗ್ರಹಾಲಯ ಅವುಗಳಲ್ಲಿ ಒಂದು. ಕಲಾ ಇತಿಹಾಸಕಾರ ಹೈನ್ರಿಶ್ ಕ್ಲೋಟ್ಸ್ ಅದರ ಮೊದಲ ನಿರ್ದೇಶಕರು. ವಾಸ್ತುಶಿಲ್ಪಿ ಓಸ್ವಾಲ್ಡ್ ಮಥಿಯಾಸ್ ಉಂಗರ್ಸ್ ಅವರು ಇಪ್ಪತ್ತನೇ ಶತಮಾನದ ಆರಂಭದ ಒಂದು ಬಂಗಲೆಯ ಹೊರಗೋಡೆಗಳನ್ನು ಹಾಗೇ ಉಳಿಸಿಕೊಂಡು, ಅದರ ಒಡಲಲ್ಲಿ ಬಿಳಿಯ ಹೊಸ ಮನೆಯೊಂದನ್ನು ಕಟ್ಟಿದರು. ಮನೆಯೊಳಗೊಂದು ಮನೆ! ಹಳೆಯದನ್ನು ಕೆಡವದೆ ಹೊಸದಕ್ಕೆ ಜಾಗ ಮಾಡಿಕೊಟ್ಟ ಈ ಕಟ್ಟಡದಲ್ಲಿ, ಮೂವತ್ತಮೂರು ವರ್ಷಗಳ ಬಳಿಕ ಜಾಗದ ಪ್ರಶ್ನೆಯೇ ಚರ್ಚೆಗೆ ಬಂದದ್ದು ಅರ್ಥಪೂರ್ಣವಾಗಿದೆ.

ಬಂದವರಿಗೆ ಊರು

ಮೊದಲ ಪ್ರದರ್ಶನದ ಹೆಸರು ‘ಮೇಕಿಂಗ್ ಹೈಮಾಟ್’. ಹೈಮಾಟ್ ಎಂಬ ಜರ್ಮನ್ ಪದವನ್ನು ಕನ್ನಡಕ್ಕೆ ತರುವುದು ಕಷ್ಟ. ನಾವು ‘ನಮ್ಮೂರು’ ಎನ್ನುವಾಗ, ಉರ್ದುವಿನಲ್ಲಿ ‘ವತನ್’ ಎನ್ನುವಾಗ ಮನಸ್ಸಿನಲ್ಲಿ ಏನು ಮೂಡುತ್ತದೋ ಹೆಚ್ಚು ಕಡಿಮೆ ಅದು. ಹುಟ್ಟಿನಿಂದ ಬರುತ್ತದೆಂದು ನಾವು ತಿಳಿದಿರುವ ಈ ಊರನ್ನು ಬಂದವರೂ ಕಟ್ಟಿಕೊಳ್ಳಬಹುದು ಎಂಬುದು ಆ ಹೆಸರಿನ ಇಂಗಿತ.

2015ರಲ್ಲಿ ಸುಮಾರು 8.9 ಲಕ್ಷ ನಿರಾಶ್ರಿತರು ಜರ್ಮನಿಗೆ ಬಂದರು. ಸಿರಿಯಾ, ಅಫಘಾನಿಸ್ತಾನ, ಇರಾಕ್‌ಗಳಿಂದ ಬಂದವರೇ ಅವರಲ್ಲಿ ಹೆಚ್ಚು. ಅವರನ್ನು ಕ್ರೀಡಾಂಗಣಗಳಲ್ಲಿ, ಡೇರೆಗಳಲ್ಲಿ, ಕಂಟೇನರ್‌ಗಳಲ್ಲಿ ಮಲಗಿಸಬೇಕಾಯಿತು. ಮರುವರ್ಷ ವೆನಿಸ್‌ನ ಅಂತಾರಾಷ್ಟ್ರೀಯ ವಾಸ್ತುಶಿಲ್ಪ ಮೇಳದಲ್ಲಿ ಜರ್ಮನಿಯ ಪರವಾಗಿ ಪ್ರದರ್ಶನ ನಡೆಸುವ ಹೊಣೆ ಫ್ರಾಂಕ್‌ಫರ್ಟ್ ಸಂಗ್ರಹಾಲಯದ ಪಾಲಿಗೆ ಬಂತು. ಅಲ್ಲಿನ ಜರ್ಮನ್ ಮಂಟಪವನ್ನು 1938ರಲ್ಲಿ ನಾಜಿಗಳು ತಮ್ಮ ಅಧಿಕಾರದ ಗತ್ತಿಗೆ ತಕ್ಕಂತೆ ಬದಲಾಯಿಸಿದ್ದರು. ಸಂಗ್ರಹಾಲಯದವರು ಆ ಸಂರಕ್ಷಿತ ಕಟ್ಟಡದ ಗೋಡೆಗಳಲ್ಲಿ ನಾಲ್ಕು ದೊಡ್ಡ ಕಿಂಡಿಗಳನ್ನು ಕೊರೆಸಿದರು. ಅವಕ್ಕೆ ಕದಗಳಿರಲಿಲ್ಲ. ದೇಶ ತನ್ನ ಬಾಗಿಲು ತೆರೆದಿದೆ ಎಂಬುದನ್ನು ಭಾಷಣದ ಬದಲು ಇಟ್ಟಿಗೆ ತೆಗೆದು ತೋರಿಸಿದ್ದರು. ಈ ಪ್ರದರ್ಶನವೇ 2017ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಫ್ರಾಂಕ್‌ಫರ್ಟಿನಲ್ಲಿ ನಡೆಯಿತು.

ಕೆನಡಾದ ಪತ್ರಕರ್ತ ಡಗ್ ಸಾಂಡರ್ಸ್ ಅವರ ವಿಚಾರಗಳು ಇದಕ್ಕೆ ಆಧಾರವಾಗಿದ್ದವು. ವಲಸಿಗರು ಮೊದಲು ಬಂದಿಳಿಯುವ ಬಡಾವಣೆಗಳನ್ನು ನಾವು ಕೊಳಚೆ, ಕೇರಿ ಎಂದು ಮೂಗು ಮುರಿಯುತ್ತೇವೆ. ಆದರೆ ಅವು ಬದುಕಿನ ಏಣಿಯ ಮೊದಲ ಮೆಟ್ಟಿಲು. ಅಲ್ಲಿ ಬಾಡಿಗೆ ಕಡಿಮೆಯಿರಬೇಕು, ದುಡಿಮೆ ಹತ್ತಿರದಲ್ಲಿರಬೇಕು. ರಸ್ತೆಗೆ ತೆರೆದ ಕೆಳಮಹಡಿಯಲ್ಲಿ ಸಣ್ಣ ಅಂಗಡಿ ಇಡಲು ಅವಕಾಶವಿರಬೇಕು. ಮೊದಲೇ ಬಂದ ತಮ್ಮವರ ಆಸರೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯ ಶಾಲೆ ಅಲ್ಲೇ ಇರಬೇಕು. ಬಡವರ ಬಡಾವಣೆಗೆ ಬಡ ಶಾಲೆ ಸಾಕೆಂಬ ಆಡಳಿತದ ಮನೋಭಾವಕ್ಕೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಉದಾಹರಣೆಗಾಗಿ ಪ್ರದರ್ಶನ ಬಹುದೂರ ಹೋಗಲಿಲ್ಲ. ಫ್ರಾಂಕ್‌ಫರ್ಟಿಗೆ ಅಂಟಿಕೊಂಡಿರುವ ಆಫನ್‌ಬಾಖ್ ಪಟ್ಟಣದಲ್ಲಿ ವಲಸೆ ಕುಟುಂಬಗಳದ್ದೇ ದೊಡ್ಡ ಸಂಖ್ಯೆ. 1961ರ ಒಪ್ಪಂದದಂತೆ ಟರ್ಕಿಯಿಂದ ‘ಅತಿಥಿ ಕಾರ್ಮಿಕ’ರನ್ನು ಕರೆಸಿಕೊಂಡ ಜರ್ಮನಿ, ಅತಿಥಿಗಳು ಹೊರಟುಹೋಗುತ್ತಾರೆಂದೇ ಬಹುಕಾಲ ನಂಬಿತ್ತು. ಅವರ ಮೊಮ್ಮಕ್ಕಳ ಊರನ್ನು ಈಗ ಸಂಗ್ರಹಾಲಯವೊಂದು ಪಾಠವಾಗಿ ಓದತೊಡಗಿತ್ತು.

ಹಿಂದೊಮ್ಮೆ ಹರಿವು ತಿರುಮುರುವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯೇ ತನ್ನ ವಾಸ್ತುಶಿಲ್ಪಿಗಳನ್ನು ಹೊರದಬ್ಬಿತು. ಬರ್ಲಿನ್ನಿನ ಕಾರ್ಮಿಕರಿಗೆ ಗಾಳಿ ಬೆಳಕಿನ ಮನೆಗಳನ್ನು ಕೊಟ್ಟ ಬ್ರೂನೋ ಟೌಟ್ ಜಪಾನಿಗೆ ಹೋಗಿ, 1936ರಲ್ಲಿ ಟರ್ಕಿಯಲ್ಲಿ ಆಶ್ರಯ ಪಡೆದರು. ಇಸ್ತಾಂಬುಲ್‌ನ ಲಲಿತಕಲಾ ಅಕಾಡೆಮಿಯಲ್ಲಿ ಪಾಠ ಹೇಳಿದರು. 1938ರಲ್ಲಿ ತೀರಿಕೊಂಡಾಗ ಅವರನ್ನು ಅಲ್ಲಿಯ ಎದಿರ್ನೆಕಾಪಿ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು.

ಆ ಹರಿವಿನ ಒಂದು ಕವಲು ನಮ್ಮ ಮೈಸೂರು ಸಂಸ್ಥಾನವನ್ನೂ ಮುಟ್ಟಿತು. 1908ರಲ್ಲಿ ಬರ್ಲಿನ್ನಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಆಟೊ ಕೋನಿಗ್ಸ್‌ಬರ್ಗರ್ ನಾಜಿಗಳಿಂದ ತಪ್ಪಿಸಿಕೊಂಡು ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ, ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು, ಭದ್ರಾವತಿಯ ಪಟ್ಟಣ ಯೋಜನೆ ಅವರ ಕೈಯಿಂದ ಮೂಡಿದವು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ, ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡವರ ಪುನರ್ವಸತಿಯ ಹೊಸ ಪಟ್ಟಣಗಳ ಕೆಲಸದಲ್ಲಿ ತೊಡಗಿದರು. ಒಬ್ಬ ಯಹೂದಿ ನಿರಾಶ್ರಿತ, ಒಬ್ಬ ಮುಸ್ಲಿಂ ದಿವಾನ, ಒಬ್ಬ ಹಿಂದೂ ಮಹಾರಾಜ. ನಿರಾಶ್ರಿತರಾಗಿ ಬಂದವರು ಆಮೇಲೆ ನಿರಾಶ್ರಿತರಿಗೇ ಊರು ಕಟ್ಟಲು ನಿಂತರು. ಇಂಥ ಚರಿತ್ರೆಯನ್ನು ನಾವು ನಮ್ಮ ಮಕ್ಕಳಿಗೆ ಹೇಳಬೇಕಲ್ಲವೇ?

ಆದರೆ ಪ್ರದರ್ಶನವೊಂದು ತೆರೆದ ಬಾಗಿಲನ್ನು ರಾಜಕೀಯ ಮುಚ್ಚಬಲ್ಲದು. ಫ್ರಾಂಕ್‌ಫರ್ಟಿನಲ್ಲಿ ಪ್ರದರ್ಶನ ಮುಗಿದ ಅದೇ ಸೆಪ್ಟೆಂಬರ್ ತಿಂಗಳ 24ರಂದು ನಡೆದ ಚುನಾವಣೆಯಲ್ಲಿ, ವಲಸಿಗರನ್ನೂ ಇಸ್ಲಾಮನ್ನೂ ವಿರೋಧಿಸುತ್ತಿದ್ದ ಎಎಫ್‌ಡಿ ಪಕ್ಷ ಶೇ. 12.6 ಮತ ಗಳಿಸಿ ಮೊದಲ ಬಾರಿಗೆ ಜರ್ಮನ್ ಸಂಸತ್ತನ್ನು ಪ್ರವೇಶಿಸಿತು. 2020ರ ಫೆಬ್ರವರಿ 19ರಂದು, ಫ್ರಾಂಕ್‌ಫರ್ಟಿಗೆ ಸಮೀಪದ ಹನಾವ್ ಪಟ್ಟಣದಲ್ಲಿ ಜನಾಂಗದ್ವೇಷಿಯೊಬ್ಬ ವಲಸೆ ಕುಟುಂಬಗಳ ಒಂಬತ್ತು ಮಂದಿಯನ್ನು ಗುಂಡಿಕ್ಕಿ ಕೊಂದ. ಅವನು ಹುಡುಕಿಕೊಂಡು ಹೋದದ್ದು ಹುಕ್ಕಾ ಬಾರ್, ಸಣ್ಣ ಅಂಗಡಿಗಳಂಥ ಜಾಗಗಳನ್ನು. ಬಂದವರು ಊರಿನೊಂದಿಗೆ ಬೆರೆಯುವ ತಾಣಗಳೆಂದು ಪ್ರದರ್ಶನ ತೋರಿಸಿದ್ದೂ ಅಂಥವನ್ನೇ.

ಮರೆತ ಹೆಸರುಗಳು

ಸೆಪ್ಟೆಂಬರ್ ಕೊನೆಯಲ್ಲಿ ತೆರೆದ ಎರಡನೆಯ ಪ್ರದರ್ಶನ ‘ಫ್ರೌ ಆರ್ಕಿಟೆಕ್ಟ್’, ಅಂದರೆ ‘ಶ್ರೀಮತಿ ವಾಸ್ತುಶಿಲ್ಪಿ’. ಜರ್ಮನಿಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಮಹಿಳೆಯರು ಈ ವೃತ್ತಿಯಲ್ಲಿದ್ದಾರೆ. ಪುಸ್ತಕಗಳಲ್ಲಿ ಮಾತ್ರ ಅವರ ಹೆಸರುಗಳು ಅಪರೂಪ. ಇಪ್ಪತ್ತೆರಡು ಮಹಿಳೆಯರ ಬದುಕು ಮತ್ತು ಕೆಲಸವನ್ನು ಪ್ರದರ್ಶನ ಮುಂದಿಟ್ಟಿತು.

ಎಮಿಲಿ ವಿಂಕಲ್‌ಮನ್ ಹ್ಯಾನೋವರ್‌ನಲ್ಲಿ ಓದಿದರು. ಆದರೆ ಹೆಣ್ಣೆಂಬ ಕಾರಣಕ್ಕೆ ಅಂತಿಮ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಪದವಿಯಿಲ್ಲದೆಯೇ ಅವರು 1907ರಲ್ಲಿ ಬರ್ಲಿನ್ನಿನಲ್ಲಿ ಸ್ವಂತ ಕಚೇರಿ ತೆರೆದರು. ಪ್ರಶ್ಯಾದ ತಾಂತ್ರಿಕ ಕಾಲೇಜುಗಳು ಮಹಿಳೆಯರನ್ನು ಪೂರ್ಣ ವಿದ್ಯಾರ್ಥಿಗಳಾಗಿ ಸೇರಿಸಿಕೊಂಡದ್ದು 1909ರಲ್ಲಿ. ಎರಡು ವರ್ಷಗಳ ನಂತರ ಎಲಿಜಬೆತ್ ಫಾನ್ ಕ್ನೋಬೆಲ್ಸ್‌ಡಾರ್ಫ್ ಜರ್ಮನಿಯಲ್ಲಿ ವಾಸ್ತುಶಿಲ್ಪದ ಪದವಿ ಪಡೆದ ಮೊದಲ ಮಹಿಳೆಯಾದರು. ಸರ್ಕಾರಿ ಹುದ್ದೆಗೂ ಏರಿದರು. ಮದುವೆಯಾದಾಗ ಹುದ್ದೆ ಹೋಯಿತು. ಅವರೊಂದಿಗೆ ಕೆಲಸ ಮಾಡುತ್ತಿದ್ದ ಗಂಡಸರಿಗೆ ಮದುವೆಯೆಂದೂ ಅಡ್ಡಿಯಾಗಿರಲಿಲ್ಲ.

ಫ್ರಾಂಕ್‌ಫರ್ಟಿಗೆ ಹತ್ತಿರದ ಹೆಸರು ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿಯವರದು. ಮೊದಲ ಮಹಾಯುದ್ಧದ ನಂತರ ಮನೆಗಳ ಕೊರತೆಯಿಂದ ನಲುಗಿದ್ದ ಈ ನಗರದಲ್ಲಿ ಎರ್ನ್‌ಸ್ಟ್ ಮೈ ಅವರ ನೇತೃತ್ವದಲ್ಲಿ ಸಾವಿರಾರು ಮನೆಗಳು ಎದ್ದವು. ಆ ಮನೆಗಳಿಗಾಗಿ 1926ರಲ್ಲಿ ಲಿಹೋಟ್ಸ್ಕಿ ಒಂದು ಪುಟ್ಟ ಅಡುಗೆಮನೆಯನ್ನು ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಒಲೆ, ತೊಟ್ಟಿ, ಕಪಾಟು, ಬೇಳೆ ಹಿಟ್ಟುಗಳ ಡಬ್ಬಿ ಎಲ್ಲವೂ ಕೈಗೆಟಕುವಂತೆ, ಹೆಂಗಸಿನ ನಡಿಗೆಯ ಹೆಜ್ಜೆಗಳನ್ನು ಎಣಿಸಿ ಮಾಡಿದ ಲೆಕ್ಕಾಚಾರ ಅದು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಅಳವಡಿಸಲಾಯಿತು. ಇಂದು ನಮ್ಮ ನಗರಗಳ ಫ್ಲ್ಯಾಟುಗಳಲ್ಲೂ ಕಾಣುವ, ಗೋಡೆಗೆ ಹೊಂದಿಸಿದ ಕಟ್ಟೆ ಕಪಾಟುಗಳ ಅಡುಗೆಮನೆಗೆ ಅದು ಹಿರಿಯಕ್ಕ.

ಆದರೆ ಅಡುಗೆಮನೆಯ ಹೆಸರಿನಲ್ಲೇ ಅವರನ್ನು ಕಟ್ಟಿಹಾಕುವುದೂ ಒಂದು ಅನ್ಯಾಯವೇ. 1938ರಲ್ಲಿ ಅವರೂ ಇಸ್ತಾಂಬುಲ್ ಸೇರಿದರು. 1940ರ ಕೊನೆಯಲ್ಲಿ ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕಾಗಿ ತಮ್ಮ ಊರು ವಿಯೆನ್ನಾಕ್ಕೆ ಮರಳಿ, ಕೆಲವೇ ವಾರಗಳಲ್ಲಿ ಸೆರೆಸಿಕ್ಕಿ, 1945ರವರೆಗೆ ಜೈಲಿನಲ್ಲಿ ಕಳೆದರು. ಸುರಕ್ಷಿತ ಊರನ್ನು ತಾನಾಗಿ ಬಿಟ್ಟು ಅಪಾಯದ ಊರಿಗೆ ಹೋದ ಈ ಧೀರೆ 2000ದ ಜನವರಿಯಲ್ಲಿ, ನೂರಮೂರು ತುಂಬಲು ಐದು ದಿನಗಳಿದ್ದಾಗ ತೀರಿಕೊಂಡರು.

ಬೇಡವಾದ ಕಟ್ಟಡಗಳು

ನವೆಂಬರ್‌ನಲ್ಲಿ ತೆರೆದ ಮೂರನೆಯ ಪ್ರದರ್ಶನ ‘ಎಸ್ಒಎಸ್ ಬ್ರೂಟಲಿಸಂ’. 1950ರಿಂದ 70ರ ದಶಕದವರೆಗೆ ಜಗತ್ತಿನಾದ್ಯಂತ ಎದ್ದ, ಗಿಲಾವು ಬಣ್ಣಗಳಿಲ್ಲದ ಒರಟು ಕಾಂಕ್ರೀಟಿನ ಕಟ್ಟಡಗಳ ಶೈಲಿಯೇ ಬ್ರೂಟಲಿಸಂ. ಕೇಳಿದೊಡನೆ ಕ್ರೌರ್ಯ ನೆನಪಾಗುತ್ತದೆ. ಆದರೆ ಹೆಸರಿನ ಹಿಂದೆ ಇರುವುದು ಕಚ್ಚಾ ಕಾಂಕ್ರೀಟ್ ಎಂಬ ಅರ್ಥದ ಫ್ರೆಂಚ್ ಮಾತು. ವಿಶ್ವವಿದ್ಯಾಲಯ, ಗ್ರಂಥಾಲಯ, ಪುರಭವನ, ಬಡವರ ವಸತಿ ಸಮುಚ್ಚಯ ಹೀಗೆ ಸಾರ್ವಜನಿಕ ಕಟ್ಟಡಗಳೇ ಇದರಲ್ಲಿ ಹೆಚ್ಚು. ಸರ್ಕಾರ ಜನರಿಗಾಗಿ ಕಟ್ಟಬೇಕು ಎಂಬ ನಂಬಿಕೆ ಇದ್ದ ಕಾಲದ ಗುರುತುಗಳಿವು. ಆ ನಂಬಿಕೆ ಸಡಿಲಿದಂತೆ ಕಟ್ಟಡಗಳೂ ಕುರೂಪ ಎನಿಸತೊಡಗಿದವು. ವ್ಯುಸ್ಟನ್‌ರೋಟ್ ಪ್ರತಿಷ್ಠಾನದ ಜೊತೆ ಸೇರಿ ಸಂಗ್ರಹಾಲಯ ಇಂಥ ಕಟ್ಟಡಗಳ ಪಟ್ಟಿ ಮಾಡಿ, ಕೆಡವುವ ಅಪಾಯದಲ್ಲಿರುವವನ್ನು ಕೆಂಪು ಗುರುತಿನಿಂದ ತೋರಿಸಿತು.

ಫ್ರಾಂಕ್‌ಫರ್ಟ್ ತಾನೇ ಇದಕ್ಕೆ ಸಾಕ್ಷಿ. 1970ರ ದಶಕದಲ್ಲಿ ಕಟ್ಟಿದ ನಗರಾಡಳಿತದ ಕಾಂಕ್ರೀಟ್ ಕಚೇರಿಯನ್ನು 2010ರಲ್ಲಿ ಕೆಡವಲು ಆರಂಭಿಸಿ, ಆ ಜಾಗದಲ್ಲಿ ಯುದ್ಧದಲ್ಲಿ ಸುಟ್ಟುಹೋದ ಹಳೆಯ ಪೇಟೆಯನ್ನು ಹೊಸದಾಗಿ ಎಬ್ಬಿಸಲಾಯಿತು. 2014ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದ ಎತ್ತರದ ಗೋಪುರವನ್ನು ಸಿಡಿಮದ್ದಿಟ್ಟು ಉರುಳಿಸಲಾಯಿತು.

ನಮ್ಮ ದೇಶವೂ 2017ರಲ್ಲೇ ಇಂಥದೊಂದು ನಷ್ಟ ಅನುಭವಿಸಿತು. ದೆಹಲಿಯ ಪ್ರಗತಿ ಮೈದಾನದ ‘ಹಾಲ್ ಆಫ್ ನೇಷನ್ಸ್’ 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ ವೇಳೆಗೆ ಎದ್ದ ಕಟ್ಟಡ. ವಾಸ್ತುಶಿಲ್ಪಿ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್. ಉಕ್ಕಿನಲ್ಲಿ ಮಾಡುವ ಜಾಲದ ಚಾವಣಿಯನ್ನು ಅವರು ಕಾಂಕ್ರೀಟಿನಲ್ಲಿ ಸಾಧಿಸಿದರು. ಸಾಮಾನ್ಯ ಕೂಲಿಕಾರರು ಸ್ಥಳದಲ್ಲೇ ಕೈಯಿಂದ ಎರಕ ಹೊಯ್ದು ಕಟ್ಟಿದ ಅದ್ಭುತವದು. ಅರವತ್ತು ವರ್ಷ ತುಂಬಿಲ್ಲವಾದ್ದರಿಂದ ಪಾರಂಪರಿಕ ಕಟ್ಟಡದ ರಕ್ಷಣೆ ಅದಕ್ಕೆ ಸಿಗಲಿಲ್ಲ. ಏಪ್ರಿಲ್ ತಿಂಗಳ ಒಂದು ರಾತ್ರಿ ಅದನ್ನು ನೆಲಸಮ ಮಾಡಲಾಯಿತು. ಹಳತಾಗುವವರೆಗೆ ಉಳಿಯಲು ಬಿಡದಿದ್ದರೆ ಯಾವ ಕಟ್ಟಡ ತಾನೇ ಪರಂಪರೆಯಾದೀತು?

ಈ ಮೂರು ಪ್ರದರ್ಶನಗಳು ನಿರಾಶ್ರಿತರಿಗೆ ಮನೆ ಕೊಡಲಿಲ್ಲ. ಕೆಡವುವ ಯಂತ್ರಗಳನ್ನೂ ನಿಲ್ಲಿಸಲಾರವು. ಸಂಗ್ರಹಾಲಯಕ್ಕೆ ಅಂಥ ಅಧಿಕಾರವಿಲ್ಲ. ಆದರೆ ಅದು ದಾಖಲೆ ಇಡುತ್ತದೆ. ಇಂಥವರು ಬಂದರು, ಇಂಥವರು ರೂಪಿಸಿದರು, ಇಂಥದ್ದು ಇಲ್ಲಿತ್ತು ಎಂಬ ದಾಖಲೆ ಇದ್ದರೆ, ನಾಳೆ ಯಾರಾದರೂ ‘ನೀವು ಇಲ್ಲಿಯವರಲ್ಲ’ ಎಂದಾಗ ಉತ್ತರ ಕೊಡಲು ಸಾಧ್ಯ. ಇಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರು ಮೊದಲು ತಮ್ಮ ಹೆಸರು, ಜಾತಿ, ಊಟದ ಅಭ್ಯಾಸ ಹೇಳಬೇಕಾದ ಸಂದರ್ಭಗಳನ್ನು ನಾವೆಲ್ಲ ಬಲ್ಲೆವು. ಅದೇ ಬೆಂಗಳೂರು 1939ರಲ್ಲಿ ಮನೆ ಕಳೆದುಕೊಂಡ ಪರದೇಶಿಯೊಬ್ಬರ ಕೈಗೆ ನಾಡಿನ ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸ ಕೊಟ್ಟಿತ್ತು. ಅವರ ಕಟ್ಟಡಗಳ ಮುಂದೆ ಹಾದುಹೋಗುವ ಎಷ್ಟು ಮಂದಿಗೆ ಈ ಸಂಗತಿ ಗೊತ್ತು? ನಮ್ಮ ಊರುಗಳ ಬಡಾವಣೆಗಳಲ್ಲಿ ಯಾರು ಯಾವಾಗ ಬಂದು ನೆಲೆಸಿದರು, ಯಾವ ಮೇಸ್ತ್ರಿಗಳು, ಯಾವ ಕಲ್ಲುಕುಟಿಗರು ಏನೇನು ಕಟ್ಟಿದರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದಕ್ಕೆ ನಮಗೆ ದೊಡ್ಡ ಸಂಗ್ರಹಾಲಯವೇನೂ ಬೇಕಾಗಿಲ್ಲ. ಶಾಲೆಯ ಒಂದು ಕೋಣೆ, ಊರ ಗ್ರಂಥಾಲಯದ ಒಂದು ಗೋಡೆ ಸಾಕು.