ಸೊಲ್ಲಾಪುರ ಸೀಮೆಯ ನಳ ಮತ್ತು ಅದರ ದುರಸ್ತಿ

12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮ ಕಟ್ಟಿಸಿದ ಕೆರೆ ಸೊಲ್ಲಾಪುರದ ಹಳೆಯ ಜಲಾಶ್ರಯ. 1871ರಲ್ಲಿ ಮುಗಿದ ಏಕರೂಖ ಕೆರೆಯ ನೀರು ಮುಂದೆ ಕೊಳವೆಗಳಲ್ಲಿ ಊರಿಗೆ ಹರಿಯಿತು. 1980ರಲ್ಲಿ ಪೂರ್ಣಗೊಂಡ ಭೀಮಾ ನದಿಯ ಉಜನಿ ಅಣೆಕಟ್ಟು ಬಳಿಕ ಮುಖ್ಯ ಮೂಲವಾಯಿತು. ಇದೇ ಸೀಮೆಯ ಅಕ್ಕಲಕೋಟೆಗೆ ಬೋರಿ ನದಿಯ ಕುರನೂರ ಜಲಾಶಯ ಆಧಾರ.

ಕೊಳವೆ ಬದಲಾದಂತೆ ದುರಸ್ತಿಯೂ ಬದಲಾಯಿತು. ಎರಕದ ಕಬ್ಬಿಣದ ಕೊಳವೆಗಳ ಸಂದಿಗೆ ಸಣಬಿನ ನಾರು ತುರುಕಿ, ಕರಗಿಸಿದ ಸೀಸ ಹೊಯ್ದು, ಬಡಿದು ಬಿಗಿಗೊಳಿಸುತ್ತಿದ್ದರು. ಮನೆಯೊಳಗಿನ ಜಿ.ಐ. ಪೈಪಿನ ತಿರುಪಿಗೆ ನಾರು ಸುತ್ತಿ ಸಫೇದ ಎಂಬ ಬಿಳಿ ಲೇಪ ಬಳಿಯುವುದು ರೂಢಿಯಾಯಿತು. ಪಿವಿಸಿ ಬಂದಮೇಲೆ ಒಡೆದ ತುಂಡನ್ನು ಕತ್ತರಿಸಿ, ಹೊಸ ತುಂಡಿಗೆ ಸಾಲ್ವೆಂಟ್ ಹಚ್ಚಿ ಕೂಡಿಸಲಾಗುತ್ತದೆ. ನಳಕ್ಕೆ ಎಡೆಬಿಟ್ಟು ನೀರು ಬರುವ ಈ ಸೀಮೆಯಲ್ಲಿ ಸೋರಿಕೆ ಎರಡು ಬಗೆಯ ಕೇಡು: ನೀರಿದ್ದಾಗ ಪೋಲಾಗುತ್ತದೆ, ಕೊಳವೆ ಬರಿದಾದಾಗ ಅದೇ ಬಿರುಕಿನಿಂದ ಹೊಲಸು ಒಳಸೇರುತ್ತದೆ.