ಟೆನಿಸ್ ಏಣಿಯ ನಡುಮೆಟ್ಟಿಲು

ಟೆನಿಸ್ ಎಂದೊಡನೆ ಕಣ್ಣಮುಂದೆ ಬರುವುದು ವಿಂಬಲ್ಡನ್ನಿನ ಹುಲ್ಲು, ಪ್ಯಾರಿಸ್ಸಿನ ಕೆಮ್ಮಣ್ಣು. ಆದರೆ ವಿಶ್ವ ರ‍್ಯಾಂಕಿಂಗ್‌ನಲ್ಲಿ ನೂರರಿಂದಾಚೆ ಇರುವ ಆಟಗಾರರು ಬೆವರು ಸುರಿಸುವುದು 'ಚಾಲೆಂಜರ್' ಎಂಬ ಎರಡನೆಯ ದರ್ಜೆಯ ಪಂದ್ಯಾವಳಿಗಳಲ್ಲಿ. ಕಬ್ಬನ್ ಪಾರ್ಕಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ನಡೆದುಬಂದ ಬೆಂಗಳೂರು ಓಪನ್ ಅಂಥದ್ದೊಂದು. ಸಂಸ್ಥೆಯ ಹೆಸರಿನಲ್ಲಿ 'ಲಾನ್' ಉಳಿದಿದೆ. ಪಂದ್ಯ ನಡೆಯುವ ನೆಲದಲ್ಲಿ ಹುಲ್ಲಿಲ್ಲ.

ಈ ಬದಲಾವಣೆಗೊಂದು ಹಿನ್ನೆಲೆಯಿದೆ. ಚಾಲೆಂಜರ್ ಸರಣಿ ಆರಂಭವಾದದ್ದು 1978ರಲ್ಲಿ. ಅದೇ ವರ್ಷ ಅಮೆರಿಕನ್ ಓಪನ್, ಫಾರೆಸ್ಟ್ ಹಿಲ್ಸ್ ಬಿಟ್ಟು ಫ್ಲಷಿಂಗ್ ಮೆಡೋಸ್‌ನ ಗಟ್ಟಿ ಅಂಕಣಕ್ಕೆ ಬಂತು. 1988ರಲ್ಲಿ ಆಸ್ಟ್ರೇಲಿಯನ್ ಓಪನ್ ಕೂಡ ಹುಲ್ಲನ್ನು ಕೈಬಿಟ್ಟಿತು. ಕಾಂಕ್ರೀಟ್ ಅಥವಾ ಡಾಂಬರಿನ ತಳದ ಮೇಲೆ ಅಕ್ರಿಲಿಕ್ ಪದರ ಬಳಿದ ಈ ಅಂಕಣದಲ್ಲಿ ಚೆಂಡು ಒಂದೇ ಸಮನೆ ಪುಟಿಯುತ್ತದೆ. ದಿನವೂ ನೀರು ಹಾಯಿಸಬೇಕಿಲ್ಲ, ಹುಲ್ಲು ಕತ್ತರಿಸಬೇಕಿಲ್ಲ. ಮಂಡಿ, ಕಣಕಾಲುಗಳಿಗೆ ಮಾತ್ರ ಅದು ಕರುಣೆ ತೋರುವುದಿಲ್ಲ.

ಚಾಲೆಂಜರ್‌ಗಳಲ್ಲಿ ದೊರೆಯುವ ಅಂಕಗಳ ಬೆಲೆ ಏನು? ಸುಮಾರು ಮೊದಲ ನೂರರೊಳಗೆ ಇದ್ದವರಿಗೆ ಗ್ರ್ಯಾಂಡ್ ಸ್ಲಾಮ್‌ನ ಪ್ರಧಾನ ಸುತ್ತಿಗೆ ನೇರ ಪ್ರವೇಶ. 2024ರ ಅಮೆರಿಕನ್ ಓಪನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತವರಿಗೂ ಒಂದು ಲಕ್ಷ ಡಾಲರ್ ಸಿಕ್ಕಿತು. 2025ರ ಬೆಂಗಳೂರು ಓಪನ್‌ನ ಒಟ್ಟು ಬಹುಮಾನವೇ ಎರಡು ಲಕ್ಷ ಡಾಲರ್. ನೂರರ ಗೆರೆಯ ಆಚೆಗೂ ಈಚೆಗೂ ಇರುವ ಅಂತರ ಇಷ್ಟು.

ಸುಮಿತ್ ನಗಾಲ್ ಅವರ ಕಥೆ ಇದಕ್ಕೆ ಉದಾಹರಣೆ. 2017ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, 300ರಾಚೆಯ ಸ್ಥಾನದಲ್ಲಿದ್ದ ಅವರು ಬೆಂಗಳೂರಿನಲ್ಲಿ ಪ್ರಶಸ್ತಿ ಗೆದ್ದರು. 2019ರ ಅಮೆರಿಕನ್ ಓಪನ್‌ನಲ್ಲಿ ರೋಜರ್ ಫೆಡರರ್ ಅವರಿಂದ ಮೊದಲ ಸೆಟ್ ಕಸಿದುಕೊಂಡರು. ಅಷ್ಟಾದರೂ 2023ರಲ್ಲಿ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ, ಅಂದರೆ ಸುಮಾರು 80 ಸಾವಿರ ರೂಪಾಯಿ ಎಂದು ಅವರು ಬಹಿರಂಗವಾಗಿ ಹೇಳಿಕೊಂಡರು. ತರಬೇತುದಾರ, ವಿಮಾನ, ಹೋಟೆಲುಗಳ ಖರ್ಚು ಗಳಿಕೆಯನ್ನೆಲ್ಲ ನುಂಗಿತ್ತು. 2024ರ ಫೆಬ್ರುವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದ ಬಳಿಕವೇ ಅವರು ಮೊದಲ ಬಾರಿ ನೂರರೊಳಗೆ ಬಂದರು.

ಎರಡು ಗೆಲುವುಗಳೂ ತಾಯ್ನಾಡಿನಲ್ಲೇ ಬಂದವು ಎಂಬುದನ್ನು ಗಮನಿಸಬೇಕು. ಯುರೋಪಿನ ಆಟಗಾರ ರೈಲು ಹತ್ತಿ ಮುಂದಿನ ಪಂದ್ಯಾವಳಿಗೆ ಹೋಗಬಲ್ಲ. ನಮ್ಮ ಹುಡುಗ ಪ್ರತಿ ಅಂಕಕ್ಕೂ ಖಂಡ ದಾಟಬೇಕು. ಊರಲ್ಲೇ ಪಂದ್ಯಾವಳಿ ನಡೆದರೆ ಆ ಖರ್ಚು ಉಳಿಯುತ್ತದೆ. ಜೊತೆಗೆ, ರ‍್ಯಾಂಕಿಂಗ್ ಸಾಲದ ಕೆಲವರಿಗೆ 'ವೈಲ್ಡ್ ಕಾರ್ಡ್' ಮೂಲಕ ಪ್ರವೇಶ ಕೊಡುವ ಅವಕಾಶ ಸಂಘಟಕರಿಗಿರುತ್ತದೆ.

ಹಾಗೆಂದು ಪ್ರಶಸ್ತಿ ನಮ್ಮವರಿಗೇ ಮೀಸಲಲ್ಲ. 2025ರಲ್ಲಿ ಬೆಂಗಳೂರಿನಲ್ಲಿ ಗೆದ್ದವರು ಅಮೆರಿಕದ ಬ್ರಾಂಡನ್ ಹೋಲ್ಟ್. ಫ್ಲಷಿಂಗ್ ಮೆಡೋಸ್‌ನ ಗಟ್ಟಿ ಅಂಕಣದಲ್ಲಿ 1979 ಮತ್ತು 1981ರಲ್ಲಿ ಚಾಂಪಿಯನ್ ಆಗಿದ್ದ ಟ್ರೇಸಿ ಆಸ್ಟಿನ್ ಅವರ ಮಗ ಇವರು. ಎಂಥ ತಾಯಿಯ ಮಗನಾದರೂ ಹತ್ತಬೇಕಾದದ್ದು ಈ ಮೆಟ್ಟಿಲನ್ನೇ. ಅದು ಮನೆಯ ಹತ್ತಿರವಿದೆಯೇ, ದೂರವಿದೆಯೇ ಎಂಬುದಷ್ಟೇ ವ್ಯತ್ಯಾಸ. ಬಡ ಆಟಗಾರನಿಗೆ ಆ ವ್ಯತ್ಯಾಸ ಸಣ್ಣದಲ್ಲ.